ಸಂಗೀತರತ್ನ ತಿರುಮಕೂಡಲು ಚೌಡಯ್ಯನವರು

ಕಾವೇರಿಯೂ ಕಪಿಲೆಯೂ ಒಂದಾಗಿ ಹರಿಯುವ ತಿರುಮಕೂಡಲು ಮೈಸೂರು ಸೀಮೆಯ ಪುಣ್ಯಕ್ಷೇತ್ರಗಳಲ್ಲಿ ಬಹು ಪ್ರಾಚೀನವಾದುದು. ಕಣ್ಣಿಗೆ ಕಾಣುವ ಈ ಎರಡು ನದಿಗಳ ಸಂಗಡ ಸ್ಫಟಿಕ ಸರೋವರವೆಂಬ ಗುಪ್ತತೀರ್ಥವೂ ಇಲ್ಲಿ ಬಂದು ಕೂಡುವುದೆಂಬ ನಂಬುಗೆ ಆಸ್ತಿಕಜನರಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಇಲ್ಲಿಯ ದೇವರು ಅಗಸ್ತ್ಯೇಶ್ವರನು. ನದಿಯಾಚೆಯ ನರಸೀಪುರದಲ್ಲಿ ಗುಂಜಾನರಸಿಂಹನ ಗುಡಿಯಿದೆ. ಇಂತಹ ಸಂಗಮಸ್ಥಳದಲ್ಲಿ ೧೮೯೫ನೆಯ ಇಸವಿಯಲ್ಲಿ ಚೌಡಯ್ಯನವರ ಜನನವಾಯಿತು. ತಂದೆ ಅಗಸ್ತ್ಯೇಗೌಡರು, ತಾಯಿ ಸುಂದರಮ್ಮನವರು. ಮನೆತನವು ಒಕ್ಕಲುತನದ್ದು. ಸಂಗೀತವೇ ಕುಲವಿದ್ಯೆಯಾಗಿದ್ದ ಮನೆಗಳಲ್ಲಿ ಮಕ್ಕಳು ತೊಟ್ಟಿಲಲ್ಲಿಯೇ ರಾಗಗಳನ್ನು ಕೇಳುತ್ತ ಬೆಳೆಯುತ್ತಿದ್ದ ಕಾಲವದು. ನೇಗಿಲಿನ ಮನೆಯಲ್ಲಿ ಹುಟ್ಟಿದ ಬಾಲಕನಿಗೆ ಆ ಸೌಕರ್ಯವು ಇರಲಿಲ್ಲ. ಆತನು ಪಡೆದುದೆಲ್ಲವನ್ನೂ ಗುರುವಿನ ಮನೆಯ ಹೊಸ್ತಿಲನ್ನು ದಾಟಿದ ಮೇಲೆಯೇ ಪಡೆಯಬೇಕಾಯಿತು.

ಅವರ ಹೆಸರಿನೊಡನೆ ಎಂದೆಂದಿಗೂ ಅಂಟಿಕೊಂಡಿರುವ ಪಿಟೀಲು ನಮ್ಮ ದೇಶದಲ್ಲಿ ಹುಟ್ಟಿದ ವಾದ್ಯವಲ್ಲವೆಂಬುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ ವಾದಕರ ಬಳಿ ಇದನ್ನು ಕಲಿತು ನಮ್ಮ ರಾಗಗಳಿಗೆ ಒಗ್ಗಿಸಿದರು. ತಂಜಾವೂರಿನ ವಡಿವೇಲು ಎಂಬ ವಿದ್ವಾಂಸರು ಅದನ್ನು ನುಡಿಸಿದ ಕೌಶಲಕ್ಕೆ ಮೆಚ್ಚಿ ತಿರುವಾಂಕೂರಿನ ಸ್ವಾತಿತಿರುನಾಳ್ ಮಹಾರಾಜರು ೧೮೩೪ರಲ್ಲಿ ದಂತದ ಪಿಟೀಲೊಂದನ್ನು ದಯಪಾಲಿಸಿದರು. ಪರದೇಶಿಗರು ನಿಂತು, ಗದ್ದದ ಕೆಳಗೆ ಅವಚಿಕೊಂಡು ನುಡಿಸುವ ಈ ವಾದ್ಯವನ್ನು ನಮ್ಮವರು ನೆಲದ ಮೇಲೆ ಕುಳಿತು, ತಲೆಯ ಭಾಗವನ್ನು ಬಲಗಾಲಿನ ಮೇಲೂ ಒಡಲನ್ನು ಎಡಭುಜಕ್ಕೂ ಆನಿಸಿಕೊಂಡು ನುಡಿಸತೊಡಗಿದರು. ಹೀಗೆ ಮಾಡಿದುದರಿಂದ ಎಡಗೈಯು ವಾದ್ಯದ ಭಾರವನ್ನು ಹೊರುವ ಕೆಲಸದಿಂದ ಬಿಡುಗಡೆ ಹೊಂದಿ, ತಂತಿಯ ಉದ್ದಕ್ಕೂ ಜಾರಿ ಗಮಕಗಳನ್ನು ತೆಗೆಯಲು ಅನುಕೂಲವಾಯಿತು. ವೀಣೆಗೂ ಸುಲಭಸಾಧ್ಯವಲ್ಲದ ಒಂದು ಗುಣವು ಇದಕ್ಕಿದೆ. ಕಮಾನು ನಡೆಯುವವರೆಗೆ ನಾದವು ಕಡಿಯದೆ ಮನುಷ್ಯಕಂಠದಂತೆಯೇ ನಿಲ್ಲುತ್ತದೆ. ಆದುದರಿಂದಲೇ ನೂರು ವರ್ಷಗಳೊಳಗಾಗಿ ಈ ಪರದೇಶದ ವಾದ್ಯವು ಗಾಯಕರ ಪಕ್ಕದ ಪೀಠವನ್ನು ತನ್ನದಾಗಿ ಮಾಡಿಕೊಂಡಿತು.

ಚೌಡಯ್ಯನವರ ಬಾಲ್ಯಕಾಲದಲ್ಲಿ ಮೈಸೂರು ನಗರವು ಸಂಗೀತದ ರಾಜಧಾನಿಯೂ ಆಗಿದ್ದಿತು. ನಾಲ್ವಡಿ ಕೃಷ್ಣರಾಜ ಒಡೆಯರವರ ಆಸ್ಥಾನದಲ್ಲಿ ವೀಣೆ ಶೇಷಣ್ಣನವರು, ವೀಣೆ ಸುಬ್ಬಣ್ಣನವರು, ವಾಸುದೇವಾಚಾರ್ಯರು ಮೊದಲಾದ ಮಹಾವಿದ್ವಾಂಸರು ಪ್ರಕಾಶಿಸುತ್ತಿದ್ದರು. ಅವರ ಸಮಕಾಲೀನರಾಗಿದ್ದ ಬಿಡಾರಂ ಕೃಷ್ಣಪ್ಪನವರು ೧೮೬೬ರಲ್ಲಿ ಹುಟ್ಟಿದವರು, ಕನ್ನಡ ಕರಾವಳಿಯ ಕಡೆಯಿಂದ ಬಂದ ಮನೆತನದವರು, ಕಡುಬಡತನವನ್ನು ಕಂಡುಂಡವರು. ದೊಡ್ಡ ಕಂಠ, ಅಚ್ಚುಕಟ್ಟಾದ ತಾಳಜ್ಞಾನ, ರಾಮಭಕ್ತಿ, ಮತ್ತು ಯಾರ ಮುಖವನ್ನೂ ನೋಡದ ನಿಷ್ಠುರತೆ ಇವು ಅವರ ಸ್ವಭಾವದಲ್ಲಿ ಒಟ್ಟುಗೂಡಿದ್ದವು. ತೆಲುಗು ಕೃತಿಗಳೇ ಕಚೇರಿಯನ್ನು ಆಳುತ್ತಿದ್ದ ಆ ದಿನಗಳಲ್ಲಿ ಕನ್ನಡ ದೇವರನಾಮಗಳಿಗೆ ವಿದ್ವತ್ಸಭೆಯಲ್ಲಿ ಮರ್ಯಾದೆಯ ಸ್ಥಾನವನ್ನು ದೊರಕಿಸಿಕೊಟ್ಟವರಲ್ಲಿ ಇವರು ಮುಖ್ಯರು. ಕನ್ನಡಿಗರು ಈ ಒಂದು ಉಪಕಾರಕ್ಕಾಗಿಯೇ ಕೃಷ್ಣಪ್ಪನವರನ್ನು ಸ್ಮರಿಸಬೇಕಾಗಿದೆ.

ಇಂತಹ ಗುರುವಿನ ಬಳಿಗೆ ಚೌಡಯ್ಯನವರು ೧೯೧೦ನೆಯ ಇಸವಿಯಲ್ಲಿ ಹದಿನೈದು ವರ್ಷದ ಹುಡುಗನಾಗಿ ಬಂದು ಸೇರಿದರು. ೧೯೧೮ರವರೆಗೆ, ಅಂದರೆ ಎಂಟು ವರ್ಷಗಳ ಕಾಲ, ಶಿಕ್ಷಣವು ನಡೆಯಿತು. ಗುರುಕುಲವೆಂದರೆ ಈಗಿನವರು ಗ್ರಹಿಸುವಂತೆ ಹೊತ್ತಿಗೆ ಸರಿಯಾಗಿ ಬಂದು ಪಾಠವನ್ನು ಒಪ್ಪಿಸಿ ಹೋಗುವ ಏರ್ಪಾಡಲ್ಲ. ಗುರುವಿನ ಮನೆಯ ಕೆಲಸ, ಗುರುವಿನ ಕಣ್ಣೆದುರಿನ ಸಾಧಕ, ಗುರುವಿನ ಕಚೇರಿಗಳನ್ನು ಹಿಂದೆ ಕುಳಿತು ಕೇಳುವುದು, ಗುರುವಿನ ಕೋಪ ಇವೆಲ್ಲ ಸೇರಿಯೇ ವಿದ್ಯೆ. ಕೃಷ್ಣಪ್ಪನವರ ಕೋಪವಂತೂ ಮೈಸೂರಿನಲ್ಲಿ ಪ್ರಸಿದ್ಧವಾಗಿದ್ದಿತು. ಶ್ರುತಿಯು ಕೂದಲೆಳೆಯಷ್ಟು ತಪ್ಪಿದರೂ ಅವರು ಸಹಿಸುತ್ತಿರಲಿಲ್ಲ. ಆ ಕಟ್ಟುನಿಟ್ಟಿನ ಶಿಕ್ಷೆಯನ್ನು ಎಂಟು ವರ್ಷ ತಾಳಿಕೊಂಡು ನಿಂತುದೇ ಚೌಡಯ್ಯನವರ ಮೊದಲನೆಯ ಸಾಧನೆಯೆಂದು ಹೇಳಬಹುದು.

ಇಲ್ಲಿ ಒಂದು ವಿಶೇಷವನ್ನು ಗಮನಿಸತಕ್ಕದ್ದು. ಗುರುಗಳು ಗಾಯಕರು, ಶಿಷ್ಯನ ಕೈಯಲ್ಲಿದ್ದುದು ಪಿಟೀಲು. ಬೆರಳನ್ನು ಎಲ್ಲಿ ಇಡಬೇಕು, ಕಮಾನನ್ನು ಹೇಗೆ ಎಳೆಯಬೇಕು ಎಂಬುದಕ್ಕಿಂತ ಹೆಚ್ಚಾಗಿ, ಹಾಡಿನಲ್ಲಿ ಅಕ್ಷರವು ಎಲ್ಲಿ ಬೀಳುತ್ತದೆ, ಉಸಿರು ಎಲ್ಲಿ ನಿಲ್ಲುತ್ತದೆ, ರಾಗದ ಜೀವಸ್ವರವು ಎಲ್ಲಿ ಬಾಗುತ್ತದೆ ಎಂಬುದನ್ನು ಆ ಹುಡುಗನು ಕಂಠದಿಂದಲೇ ಕಲಿತು, ಆಮೇಲೆ ತಂತಿಯ ಮೇಲೆ ಹುಡುಕಬೇಕಾಗಿದ್ದಿತು. ಇದು ಸುತ್ತುದಾರಿಯಂತೆ ತೋರಿದರೂ ಮುಂದೆ ಫಲಕಾರಿಯಾಯಿತು. ಸಾಹಿತ್ಯವನ್ನು ತಿಳಿಯದೆ ಸ್ವರವನ್ನು ಮಾತ್ರ ಹಿಡಿದು ಓಡುವ ವಾದಕನಿಗೂ, ಹಾಡಿನ ಮಾತನ್ನು ಮನಸ್ಸಿನಲ್ಲಿ ಉಚ್ಚರಿಸಿಕೊಂಡೇ ಕಮಾನನ್ನು ತಿರುಗಿಸುವ ವಾದಕನಿಗೂ ಇರುವ ಅಂತರವು ಕೇಳುವವರಿಗೆ ಒಡನೆ ಗೊತ್ತಾಗುತ್ತದೆ. ಚೌಡಯ್ಯನವರು ಎರಡನೆಯ ಪಂಗಡಕ್ಕೆ ಸೇರಿದವರು.

ವಿದ್ಯೆಯು ಪಕ್ವವಾದ ಬಳಿಕ ಅವರು ಗುರುಗಳ ಕಚೇರಿಗಳಿಗೆ ಪಕ್ಕವಾದ್ಯವನ್ನು ನುಡಿಸತೊಡಗಿದರು. ಪಕ್ಕವಾದ್ಯವೆಂಬ ಈ ಕಾಯಕವು ಹೊರಗಿನಿಂದ ನೋಡುವವರಿಗೆ ಎರಡನೆಯ ದರ್ಜೆಯ ಕೆಲಸವಾಗಿ ಕಾಣಬಹುದು. ವಾಸ್ತವದಲ್ಲಿ ಅದರ ಕಷ್ಟವೇ ಬೇರೆ. ಗಾಯಕನು ಮುಂದೆ ಯಾವ ರಾಗವನ್ನು ಎತ್ತುವನೆಂಬುದು ಪಿಟೀಲಿನವನಿಗೆ ಮೊದಲೇ ತಿಳಿದಿರುವುದಿಲ್ಲ. ಗಾಯಕನ ಹಿಂದೆ ನೆರಳಿನಂತೆ ನಡೆಯಬೇಕು. ಆತನು ಉಸಿರೆಳೆದುಕೊಳ್ಳುವ ಸಂದಿನಲ್ಲಿ ನಾದವು ಬರಿದಾಗದಂತೆ ತುಂಬಬೇಕು. ಆಲಾಪನೆಯ ಸರದಿಯು ತನಗೆ ಬಂದಾಗ ಗಾಯಕನು ಹೇಳಿದುದನ್ನೇ ಹೇಳದೆ, ಆತನನ್ನು ಮೀರಲೂ ಹೋಗದೆ, ತನ್ನ ಪಾಂಡಿತ್ಯವನ್ನು ತೋರಿಸಬೇಕು. ಸ್ವರಕಲ್ಪನೆಯಲ್ಲಿ ಗಾಯಕನು ಒಡ್ಡಿದ ಲೆಕ್ಕಕ್ಕೆ ಅದೇ ಕ್ಷಣದಲ್ಲಿ ಉತ್ತರವನ್ನು ಕೊಡಬೇಕು. ಸೋತರೆ ಸಭೆಯೆಲ್ಲ ನೋಡುತ್ತದೆ. ಗೆದ್ದರೆ ಕೀರ್ತಿಯ ಬಹುಪಾಲು ಹಾಡಿದವರಿಗೇ ಸಲ್ಲುತ್ತದೆ. ಈ ನಿಯಮವನ್ನು ಒಪ್ಪಿಕೊಂಡು ಐವತ್ತು ವರ್ಷಗಳಷ್ಟು ಕಾಲ ಇತರರ ಗಾನವನ್ನು ಬೆಳಗಿಸಿದ ಮಹನೀಯರು ಇವರು.

ಆಗಿನ ಕಚೇರಿಗಳು ನಡೆಯುತ್ತಿದ್ದ ಪರಿಸ್ಥಿತಿಯನ್ನು ಈಗಿನ ಕಾಲದ ಜನರು ಊಹಿಸುವುದು ಕಷ್ಟ. ಧ್ವನಿವರ್ಧಕವೆಂಬುದು ಇರಲಿಲ್ಲ. ಶ್ರೀರಾಮನವಮಿಯ ಚಪ್ಪರ, ದೇವಸ್ಥಾನದ ಮಂಟಪ, ಮದುವೆಯ ಹಂದರ, ಜಾತ್ರೆಯ ಬಯಲು ಇವೇ ಸಭಾಂಗಣಗಳು. ಎದುರಿನಲ್ಲಿ ಗಣ್ಯರು ಕುಳಿತುಕೊಳ್ಳುತ್ತಿದ್ದರು. ಊರಿನ ಸಾಮಾನ್ಯ ಜನರು, ಹೊಲದ ಕೆಲಸವನ್ನು ಮುಗಿಸಿ ತಡವಾಗಿ ಬಂದವರು, ಹೆಂಗಸರು ಮಕ್ಕಳು ಹಿಂದಿನ ಸಾಲುಗಳಲ್ಲಿಯೂ ಹಂದರದ ಹೊರಗೂ ನಿಲ್ಲುತ್ತಿದ್ದರು. ತುಂಬುಕಂಠದ ಗಾಯಕನ ದನಿಯು ಹೇಗೋ ಅವರನ್ನು ಮುಟ್ಟುತ್ತಿತ್ತು. ಮೃದಂಗದ ಪೆಟ್ಟೂ ಕೇಳುತ್ತಿತ್ತು. ನಾಲ್ಕು ತಂತಿಯ ಪಿಟೀಲಿನ ನಾದವು ಮಾತ್ರ ಮೊದಲ ಕೆಲವು ಸಾಲುಗಳನ್ನು ದಾಟುವಷ್ಟರಲ್ಲಿ ಅಡಗಿಹೋಗುತ್ತಿತ್ತು. ಎಂಟು ವರ್ಷ ಬೆವರು ಸುರಿಸಿ ಸಂಪಾದಿಸಿದ ವಿದ್ಯೆಯು ಎದುರಿಗೆ ಕುಳಿತ ಹತ್ತಾರು ಮಂದಿಗೆ ಮಾತ್ರ ಸಂದು, ದೂರದಿಂದ ನಡೆದುಬಂದವರಿಗೆ ಸಲ್ಲದೆ ಹೋಗುವುದು ಚೌಡಯ್ಯನವರ ಮನಸ್ಸಿಗೆ ಒಪ್ಪಲಿಲ್ಲ.

ಈ ಚಿಂತೆಯಿಂದಲೇ ಏಳು ತಂತಿಯ ಪಿಟೀಲು ಹುಟ್ಟಿತು. ಸಾಮಾನ್ಯ ಪಿಟೀಲಿನ ನಾಲ್ಕು ತಂತಿಗಳನ್ನು ನಮ್ಮವರು ಮಂದ್ರಷಡ್ಜ, ಮಂದ್ರಪಂಚಮ, ಮಧ್ಯಷಡ್ಜ, ಮಧ್ಯಪಂಚಮಗಳಿಗೆ ಕೂಡಿಸುತ್ತಾರೆ. ಚೌಡಯ್ಯನವರು ಇವುಗಳ ಜೊತೆಗೆ ಮೂರು ಜೋಡಿತಂತಿಗಳನ್ನು ಸೇರಿಸಿ, ಅದೇ ಸ್ವರವು ಬೇರೊಂದು ಸ್ಥಾಯಿಯಲ್ಲಿಯೂ ಒಟ್ಟಿಗೆ ನುಡಿಯುವಂತೆ ಮಾಡಿದರು. ೧೯೨೭ರ ವೇಳೆಗೆ ಈ ವಾದ್ಯವು ಸಿದ್ಧವಾಗಿ ಕಚೇರಿಗಳಲ್ಲಿ ಕೇಳಿಬರತೊಡಗಿತು. ಒಂದೇ ಕಮಾನಿನ ಎಳೆತಕ್ಕೆ ಎರಡು ತಂತಿಗಳು ಒಂದಾಗಿ ಮೊಳಗಿದಾಗ ನಾದದ ಗಾತ್ರವು ಹೆಚ್ಚಿದುದಷ್ಟೇ ಅಲ್ಲ, ಇಬ್ಬರು ಗಾಯಕರು ಮೇಲುಸ್ಥಾಯಿ ಕೆಳಸ್ಥಾಯಿಗಳಲ್ಲಿ ಜೊತೆಯಾಗಿ ಹಾಡಿದಂತಹ ಒಂದು ಗಾಂಭೀರ್ಯವೂ ಅದಕ್ಕೆ ಬಂದಿತು.

ಹೇಳುವುದಕ್ಕೆ ಇದು ಸುಲಭ. ತಂತಿಯೊಂದು ಹೆಚ್ಚಿದರೆ ಬಿರಡೆಯೊಂದು ಹೆಚ್ಚಬೇಕು. ಕುದುರೆಯ ಮೇಲೆ ಬೀಳುವ ಒತ್ತಡವು ಹೆಚ್ಚುತ್ತದೆ. ತೆಳುವಾದ ಮರದ ಹಲಗೆಯು ಅದನ್ನು ತಾಳಬೇಕು. ನುಡಿಸುವವನ ತೊಂದರೆಯು ಇದಕ್ಕಿಂತಲೂ ದೊಡ್ಡದು. ಒಂದು ಬೆರಳಿನ ತುದಿಯು ಎರಡು ತಂತಿಗಳನ್ನು ಸಮವಾಗಿ ಒತ್ತಬೇಕು, ಗಮಕಕ್ಕಾಗಿ ಜಾರುವಾಗ ಎರಡನ್ನೂ ಒಂದೇ ಅಳತೆಯಲ್ಲಿ ಜಾರಿಸಬೇಕು. ಎಳ್ಳಷ್ಟು ಹೆಚ್ಚುಕಡಿಮೆಯಾದರೂ ಎರಡು ತಂತಿಗಳೂ ಪರಸ್ಪರ ಜಗಳವಾಡಿ ಅಪಶ್ರುತಿಯನ್ನು ಸಾರುತ್ತವೆ. ನಾಲ್ಕು ತಂತಿಯಲ್ಲಿ ಮುಚ್ಚಿಹೋಗಬಹುದಾದ ದೋಷವು ಏಳು ತಂತಿಯಲ್ಲಿ ಎರಡುಪಟ್ಟಾಗಿ ಬಯಲಾಗುತ್ತದೆ. ಬಿಡಾರಂ ಕೃಷ್ಣಪ್ಪನವರ ಶ್ರುತಿಶಿಕ್ಷೆಯು ಇಲ್ಲದಿದ್ದ ಪಕ್ಷದಲ್ಲಿ ಈ ಪ್ರಯೋಗವು ಮೊದಲ ದಿನವೇ ಕೆಟ್ಟುಹೋಗುತ್ತಿತ್ತೆಂಬುದರಲ್ಲಿ ಸಂದೇಹವಿಲ್ಲ.

ಹೊಸದೊಂದು ಬಂದಾಗ ಆಕ್ಷೇಪಣೆಗಳು ಬರುವುದು ಲೋಕರೂಢಿ. ಪಿಟೀಲಿನ ಸಹಜವಾದ ಸೂಕ್ಷ್ಮತೆಯೂ ಮೃದುತ್ವವೂ ಈ ದಪ್ಪನಾದದಲ್ಲಿ ಮಸುಕಾಗುವುದೆಂದು ಕೆಲವು ರಸಿಕರ ಅಭಿಪ್ರಾಯವಾಗಿದ್ದಿತು. ಈ ಮಾತನ್ನು ಸುಮ್ಮನೆ ತಳ್ಳಿಹಾಕಬೇಕಾದುದಿಲ್ಲ. ಅದೇ ಕಾಲದಲ್ಲಿ ದ್ವಾರಂ ವೆಂಕಟಸ್ವಾಮಿ ನಾಯುಡುರವರು ನಾಲ್ಕೇ ತಂತಿಗಳಲ್ಲಿ ಎಳೆಯ ನಾದದ ಸೊಗಸನ್ನು ಪರಮಾವಧಿಗೆ ಒಯ್ದಿದ್ದರು. ಇಬ್ಬರ ಮಾರ್ಗಗಳೂ ಬೇರೆ ಬೇರೆ. ಒಬ್ಬರದು ಹತ್ತಿರ ಕುಳಿತವನ ಕಿವಿಯಲ್ಲಿ ಹೇಳಿದ ಮಾತಿನಂತೆ. ಮತ್ತೊಬ್ಬರದು ಬಯಲಿನಲ್ಲಿ ನೆರೆದ ಜನಸ್ತೋಮಕ್ಕೆ ಸಾರಿದ ಮಾತಿನಂತೆ. ಚೌಡಯ್ಯನವರು ತಮಗೆ ಬೇಕಾದುದು ಯಾವುದೆಂಬುದನ್ನು ತಿಳಿದೇ ಆರಿಸಿಕೊಂಡರು, ಆರಿಸಿಕೊಂಡ ಮೇಲೆ ಹಿಂದೆಗೆಯಲಿಲ್ಲ.

ಅಲ್ಲಿಂದ ಮುಂದಿನ ಮೂವತ್ತು ನಲವತ್ತು ವರ್ಷಗಳಲ್ಲಿ ದಕ್ಷಿಣದೇಶದ ದೊಡ್ಡ ಗಾಯಕರಲ್ಲಿ ಇವರ ಪಕ್ಕವಾದ್ಯವನ್ನು ಬಯಸದವರು ವಿರಳ. ಅರಿಯಕ್ಕುಡಿ ರಾಮಾನುಜಯ್ಯಂಗಾರ್ಯರು, ಮುಸಿರಿ ಸುಬ್ರಹ್ಮಣ್ಯ ಅಯ್ಯರವರು, ಶೆಮ್ಮಂಗುಡಿ ಶ್ರೀನಿವಾಸ ಅಯ್ಯರವರು, ಜಿ. ಎನ್. ಬಾಲಸುಬ್ರಹ್ಮಣ್ಯಂರವರು ಮೊದಲಾದವರ ಕಚೇರಿಗಳಲ್ಲಿ ಅವರು ನುಡಿಸಿದರು. ಎಲ್ಲಕ್ಕಿಂತಲೂ ಜನರ ನೆನಪಿನಲ್ಲಿ ಉಳಿದುದು ಚೆಂಬೈ ವೈದ್ಯನಾಥ ಭಾಗವತರೊಡನೆ ಅವರ ಜೊತೆ. ಪಾಲಘಾಟಿನ ಕಡೆಯ ಚೆಂಬೈಯವರದು ಸಿಂಹಕಂಠ. ಅದಕ್ಕೆ ಸರಿಗಟ್ಟಿ ನಿಲ್ಲಬಲ್ಲ ಪಿಟೀಲು ಏಳು ತಂತಿಯದೇ. ಮೃದಂಗದಲ್ಲಿ ಪಾಲಘಾಟು ಮಣಿ ಅಯ್ಯರವರು ಸೇರಿದರೆ ಆ ತ್ರಯದ ಕಚೇರಿಗೆ ಜನರು ಊರೂರುಗಳಿಂದ ಬಂದು ನೆರೆಯುತ್ತಿದ್ದರು. ಚೆಂಬೈಯವರೂ ಚೌಡಯ್ಯನವರೂ ವಯಸ್ಸಿನಲ್ಲಿ ಒಂದು ವರ್ಷದ ಅಂತರದವರು. ವೇದಿಕೆಯ ಸ್ನೇಹವು ಮನೆಯ ಸ್ನೇಹವೂ ಆಗಿ ಕೊನೆಯವರೆಗೆ ನಡೆಯಿತು. ಪಕ್ಕವಾದ್ಯದಲ್ಲಿಯೇ ನಿಲ್ಲದೆ ಚೌಡಯ್ಯನವರು ಪಿಟೀಲನ್ನೇ ಮುಖ್ಯವಾಗಿಟ್ಟುಕೊಂಡು ತನಿಕಚೇರಿಗಳನ್ನು ಮಾಡಿ ಅದರಲ್ಲಿಯೂ ಅಗ್ರಗಣ್ಯರೆನಿಸಿದರು. ಹಲವು ಕೃತಿಗಳನ್ನೂ ರಚಿಸಿದರು. ಅವುಗಳ ಅಂಕಿತವು ತ್ರಿಮಕುಟ. ತಮ್ಮ ಹೆಸರನ್ನು ಇಡದೆ ಹುಟ್ಟೂರಿನ ಸಂಗಮದ ಹೆಸರನ್ನಿಟ್ಟುದು ಅವರ ಮನೋಧರ್ಮಕ್ಕೆ ತಕ್ಕುದಾಗಿದೆ.

ಬಿಡಾರಂ ಕೃಷ್ಣಪ್ಪನವರು ಮೈಸೂರಿನಲ್ಲಿ ಪ್ರಸನ್ನ ಸೀತಾರಾಮಮಂದಿರವೆಂಬ ಭಜನಮಂದಿರವನ್ನು ಕಟ್ಟಬೇಕೆಂಬ ಸಂಕಲ್ಪವನ್ನು ಮಾಡಿ, ಕಚೇರಿಗಳಿಂದ ಬಂದುದನ್ನೆಲ್ಲ ಅದಕ್ಕೆ ಸುರಿದರು. ದೇವರ ಸೇವೆಯೂ ಸಂಗೀತದ ಸೇವೆಯೂ ಒಂದೇ ಸೂರಿನ ಕೆಳಗೆ ನಡೆಯಬೇಕೆಂಬುದು ಅವರ ಆಶೆ. ೧೯೩೧ರಲ್ಲಿ ಅವರು ಕಾಲವಶರಾದಾಗ ಆ ಸಂಕಲ್ಪದ ಭಾರವು ಶಿಷ್ಯರ ಹೆಗಲಿಗೆ ಬಂದಿತು. ಚೌಡಯ್ಯನವರು ಅದನ್ನು ಹೊತ್ತರು. ಮಂದಿರದ ಕೆಲಸವನ್ನು ಪೂರ್ತಿಗೊಳಿಸಿ, ಅಲ್ಲಿಯ ಉತ್ಸವದ ಕಚೇರಿಗಳು ನಿಂತುಹೋಗದಂತೆ ನಡೆಯಿಸಿಕೊಂಡು ಬಂದರು. ಗುರುವು ಕೊಟ್ಟ ವಿದ್ಯೆಯಿಂದ ಗಳಿಸಿದುದನ್ನು ಗುರುವಿನ ಮಂದಿರಕ್ಕೇ ಸಲ್ಲಿಸಿದ ಈ ನಡತೆಯನ್ನು ಅವರ ಎಲ್ಲ ಬಿರುದುಗಳಿಗಿಂತ ಮೇಲಾಗಿ ಎಣಿಸುವವರು ಮೈಸೂರಿನಲ್ಲಿ ಅನೇಕರಿದ್ದರು. ಬಹುದೊಡ್ಡ ವಿದ್ವಾಂಸರ ಗಾನವನ್ನು ಕಾಸು ಕೊಡಲಾರದವನೂ ಬಂದು ಕುಳಿತು ಕೇಳಬಹುದಾದ ಸ್ಥಳವು ಒಂದು ನಗರದಲ್ಲಿ ಇರುವುದು ಎಷ್ಟು ದೊಡ್ಡ ಭಾಗ್ಯವೆಂಬುದನ್ನು ಮಠಗಳ ಉತ್ಸವಗಳನ್ನು ಕಂಡವರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ವಿದ್ಯಾದಾನದ ವಿಷಯದಲ್ಲಿ ಅವರು ಎರಡು ದಾರಿಗಳನ್ನು ಹಿಡಿದರು. ಒಂದು, ತಾವು ಬೆಳೆದುಬಂದ ಗುರುಕುಲದ ದಾರಿ. ಶಿಷ್ಯರನ್ನು ಹತ್ತಿರದಲ್ಲಿಟ್ಟುಕೊಂಡು ಪಾಠವನ್ನು ಹೇಳಿದರು. ವಿ. ಸೇತುರಾಮಯ್ಯನವರು, ತಮಿಳುನಾಡಿನ ಕಂಡದೇವಿ ಅಳಗಿರಿಸ್ವಾಮಿಯವರು ಮೊದಲಾದವರು ಅವರ ಶಿಷ್ಯರಾಗಿ ಮುಂದೆ ತಾವೇ ಪ್ರಸಿದ್ಧ ವಿದ್ವಾಂಸರಾದರು. ಎರಡನೆಯದು ಶಾಲೆಯ ದಾರಿ. ಎಂಟು ಹತ್ತು ವರ್ಷ ಗುರುವಿನ ಮನೆಯಲ್ಲಿ ನಿಲ್ಲಲು ಎಲ್ಲರಿಗೂ ಸಾಧ್ಯವಿಲ್ಲ. ಜೀವನೋಪಾಯಕ್ಕೆ ಬೇರೆ ಕೆಲಸವನ್ನು ಮಾಡುವವರು, ಮನೆಯನ್ನು ಬಿಟ್ಟು ಹೊರಡಲಾರದ ಹೆಣ್ಣುಮಕ್ಕಳು, ಸಂಗೀತದ ಮನೆತನದಲ್ಲಿ ಹುಟ್ಟದವರು ಇಂತಹವರಿಗೂ ಶಾಸ್ತ್ರೀಯವಾದ ಶಿಕ್ಷಣವು ದೊರೆಯಬೇಕಾದರೆ ಗೊತ್ತಾದ ಹೊತ್ತು, ಗೊತ್ತಾದ ಪಾಠಕ್ರಮ, ಗೊತ್ತಾದ ಸ್ಥಳ ಇರತಕ್ಕದ್ದು. ಈ ಉದ್ದೇಶದಿಂದ ಮೈಸೂರಿನಲ್ಲಿ ಅಯ್ಯನಾರ್ ಸಂಗೀತ ಕಲಾಶಾಲೆಯನ್ನು ಅವರು ಸ್ಥಾಪಿಸಿದರು. ತಮ್ಮ ಒಕ್ಕಲುಮನೆಯಿಂದ ಗುರುವಿನ ಬಾಗಿಲಿಗೆ ಬರಲು ಪಟ್ಟ ಶ್ರಮವನ್ನು ಅವರು ಮರೆತಿರಲಿಲ್ಲವೆಂಬುದಕ್ಕೆ ಈ ಕಲಾಶಾಲೆಯೇ ಸಾಕ್ಷಿ.

ಪ್ರಸಂಗವಶಾತ್ ಇನ್ನೊಂದು ಮಾತನ್ನು ಇಲ್ಲಿ ಹೇಳುವುದು ಉಚಿತವಾಗಿದೆ. ಹೆಚ್ಚುಕಡಿಮೆ ಅದೇ ದಶಕಗಳಲ್ಲಿ ಕನ್ನಡನಾಡಿನ ಉತ್ತರಭಾಗದಲ್ಲಿ ಗಾನಯೋಗಿ ಪಂಚಾಕ್ಷರ ಗವಾಯಿಗಳು, ಹುಟ್ಟಿನಿಂದ ಅಂಧರಾಗಿದ್ದರೂ, ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪೆಯಿಂದ ಸಂಗೀತವಿದ್ಯೆಯನ್ನು ಗಳಿಸಿ, ಅಂಧರಿಗೂ ಅನಾಥರಿಗೂ ಅನ್ನವಸ್ತ್ರಗಳೊಡನೆ ಗಾನವನ್ನು ಕೊಡುತ್ತ ಊರೂರು ತಿರುಗಿ, ಗದಗಿನ ವೀರೇಶ್ವರ ಪುಣ್ಯಾಶ್ರಮದ ಮೂಲಕ ಅದನ್ನು ಸ್ಥಿರಗೊಳಿಸಿದರು. ಅವರದು ಬಹುಮಟ್ಟಿಗೆ ಹಿಂದೂಸ್ತಾನೀ ಪದ್ಧತಿ, ಇವರದು ಕರ್ನಾಟಕ ಪದ್ಧತಿ. ಅವರದು ಸನ್ಯಾಸಿಯ ಬಾಳು, ಇವರದು ಸಂಸಾರಿಯ ಬಾಳು. ಪದ್ಧತಿ, ಆಶ್ರಮ, ಸೀಮೆ ಎಲ್ಲವೂ ಬೇರೆಯಾಗಿದ್ದರೂ, ಸಂಗೀತವು ಕೆಲವು ಮನೆಗಳ ಸ್ವತ್ತಾಗಿ ಉಳಿಯಬಾರದೆಂಬ ವಿಷಯದಲ್ಲಿ ಇಬ್ಬರ ನಡೆಯೂ ಒಂದೇ ದಿಕ್ಕಿನದಾಗಿದ್ದಿತು.

ಸಂಗೀತವನ್ನು ಹೆಚ್ಚು ಜನರಿಗೆ ಮುಟ್ಟಿಸುವ ಇದೇ ಹಂಬಲವು ಅವರನ್ನು ಚಲಚ್ಚಿತ್ರದ ಕಡೆಗೂ ಎಳೆಯಿತು. ಕನ್ನಡ ರಂಗಭೂಮಿಯ ಹೆಸರಾಂತ ನಟರಾದ ಕೆ. ಹಿರಣ್ಣಯ್ಯನವರ ನಿರ್ದೇಶನದಲ್ಲಿ ‘ವಾಣಿ’ ಎಂಬ ಚಿತ್ರವು ೧೯೪೩ರಲ್ಲಿ ಹೊರಬಂದಿತು. ಇದರ ನಿರ್ಮಾಣದಲ್ಲಿ ಚೌಡಯ್ಯನವರು ತೊಡಗಿದರು. ಚೆಂಬೈಯವರ ಗಾನವೂ ಅದಕ್ಕೆ ಚೌಡಯ್ಯನವರ ಪಿಟೀಲೂ ಆ ಚಿತ್ರದಲ್ಲಿ ಕಾಣಿಸಿಕೊಂಡವು. ಯುದ್ಧದ ದಿನಗಳಲ್ಲಿ ಕನ್ನಡ ಚಿತ್ರವೊಂದನ್ನು ತೆಗೆಯುವುದು ಎಂತಹ ಸಾಹಸವೆಂಬುದನ್ನು ವ್ಯವಹಾರಸ್ಥರು ಬಲ್ಲರು. ವ್ಯಾಪಾರದ ಲೆಕ್ಕದಿಂದ ನೋಡಿದರೆ ಸಂಗೀತಗಾರರು ಕೈಹಾಕಬಾರದ ಕೆಲಸವದು. ಆದರೆ ಆ ಇಬ್ಬರು ಮಹಾವಿದ್ವಾಂಸರ ರೂಪವೂ ನಾದವೂ ಒಂದೆಡೆ ಉಳಿದುಕೊಳ್ಳಲು ಅದೇ ಕಾರಣವಾಯಿತು.

ಮರ್ಯಾದೆಗಳು ತಾವಾಗಿಯೇ ಅರಸಿಕೊಂಡು ಬಂದವು. ಮೈಸೂರು ಮಹಾರಾಜರಿಂದ ಸಂಗೀತರತ್ನ ಎಂಬ ಬಿರುದು ದೊರೆತು ಅದು ಅವರ ಹೆಸರಿನ ಅಂಗವೇ ಆಗಿಹೋಯಿತು. ೧೯೫೭ನೆಯ ಇಸವಿಯು ವಿಶೇಷವಾಗಿ ಸ್ಮರಣೀಯವಾದುದು. ಆ ವರ್ಷ ಮದರಾಸಿನ ಸಂಗೀತ ಅಕಾಡೆಮಿಯ ಸಮ್ಮೇಳನಕ್ಕೆ ಅಧ್ಯಕ್ಷರಾಗಿ ಸಂಗೀತಕಲಾನಿಧಿ ಎಂಬ ಪದವಿಯನ್ನು ಹೊಂದಿದರು. ಅದೇ ವರ್ಷದ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯೂ ಅವರಿಗೆ ಬಂದಿತು. ಬಹುಕಾಲ ಗಾಯಕರ ಪಕ್ಕದಲ್ಲಿ ಕುಳಿತಿದ್ದವರನ್ನು ವಿದ್ವತ್ಸಭೆಯು ತನ್ನ ತಲೆಯ ಮೇಲಣ ಪೀಠದಲ್ಲಿ ಕುಳ್ಳಿರಿಸಿದ ಸಂದರ್ಭವದು. ಕನ್ನಡನಾಡಿನ ಜನರಿಗೆ ಅದು ಹೆಮ್ಮೆಯ ದಿನವಾಗಿದ್ದಿತು.

೧೯೬೭ನೆಯ ಇಸವಿ ಜನವರಿ ೧೯ನೆಯ ತಾರೀಖಿನಂದು ಚೌಡಯ್ಯನವರು ಇಹಲೋಕವನ್ನು ಬಿಟ್ಟರು. ಆಗ ಅವರಿಗೆ ಎಪ್ಪತ್ತೆರಡು ವರ್ಷ ವಯಸ್ಸು. ಅವರ ಪ್ರಿಯಸಖರಾದ ಚೆಂಬೈಯವರು ಮತ್ತೆ ಏಳು ವರ್ಷ ಬದುಕಿದ್ದು, ೧೯೭೪ರಲ್ಲಿ ಕಾಲಾಧೀನರಾದರು.

ಏಳು ತಂತಿಯ ಪಿಟೀಲನ್ನು ಅನಂತರದ ವಾದಕರಲ್ಲಿ ಬಹು ಸ್ವಲ್ಪ ಜನರು ಮಾತ್ರ ಕೈಗೆತ್ತಿಕೊಂಡರು. ಧ್ವನಿವರ್ಧಕವು ಊರೂರಿಗೂ ಬಂದ ಮೇಲೆ ಹಿಂದಿನ ಸಾಲಿನವನಿಗೂ ನಾಲ್ಕು ತಂತಿಯ ನಾದವೇ ಸಲೀಸಾಗಿ ಕೇಳಿಸತೊಡಗಿತು. ಬೆಂಗಳೂರಿನಲ್ಲಿ ಅವರ ಸ್ಮಾರಕವಾಗಿ ೧೯೮೦ರಲ್ಲಿ ಕಟ್ಟಿದ ಸಭಾಭವನವು ಮಾತ್ರ ಪಿಟೀಲಿನ ಆಕಾರದಲ್ಲಿಯೇ ಇದೆ. ಒಡಲು, ಕುದುರೆ, ಬಿರಡೆಗಳು, ಕಮಾನು ಎಲ್ಲವನ್ನೂ ಅದರಲ್ಲಿ ತೋರಿಸಿದ್ದಾರೆ. ಅದರ ಮೇಲೆ ಹಾಯ್ದಿರುವ ತಂತಿಗಳು ಏಳು.